ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ

ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲು ಬರದ ದಿನಕ್ಕೆ ಹೆಂಡತಿ ಒಂದು ಗೆರೆ ಎಳೆಯುತ್ತಾಳೆ. ಹೋದ ವರ್ಷ ಆ ಗೆರೆಗಳ ನಡುವೆ ಮೂರು ವಾರಕ್ಕೊಂದು ಕೆಂಪು ಚುಕ್ಕೆಯೂ ಸೇರಿತು. ಅದು ನನ್ನ ಟೆಸ್ಟೋಸ್ಟಿರಾನ್, ಅಂದರೆ ಗಂಡಸರ ಹಾರ್ಮೋನಿನ, ಇಂಜೆಕ್ಷನ್ನಿನ ದಿನ.

ನನಗೀಗ 49 ವರ್ಷ. ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ನಡೆಸುತ್ತೇನೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಹೆಂಡತಿಯ ಹತ್ತಿರ ಹೋಗಬೇಕೆಂಬ ಮನಸ್ಸೇ ಬತ್ತಿಹೋಯಿತು. ಮೈಗೆ ಆಗುವುದಿಲ್ಲ ಎನ್ನುವುದಕ್ಕಿಂತ, ಬೇಕು ಅನ್ನಿಸುವುದೇ ನಿಂತುಹೋಗಿತ್ತು. ಅವಳು ಬೇರೇನೋ ಅಂದುಕೊಂಡಳು, ನಾನು ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಪರಕೀಯರ ಹಾಗೆ ಇದ್ದೆವು. ಕೊನೆಗೆ ಒಂದು ರಾತ್ರಿ ಅವಳೇ ಕೇಳಿದಳು: "ನನ್ನ ಮ್ಯಾಲ ಸಿಟ್ಟೇನ್ರೀ?" ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಆಗಲಿಲ್ಲ. ಬೆಳಗಾವಿಯಲ್ಲಿ ಹಾರ್ಮೋನ್ ಡಾಕ್ಟರರನ್ನು ಕಾಣಲು ಇಬ್ಬರೂ ಕೂಡಿ ಹೋದೆವು.

ಅವರು ಮೊದಲ ದಿನ ಇಂಜೆಕ್ಷನ್ ಬರೆಯಲಿಲ್ಲ. ಈ ಹಾರ್ಮೋನ್ ಬೆಳಗಿನ ಹೊತ್ತು ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆ 10 ಗಂಟೆಯೊಳಗೇ ರಕ್ತ ಕೊಡಬೇಕು, ಅದೂ ಬೇರೆ ಬೇರೆ ದಿನ ಎರಡು ಸಲ ಎಂದರು. ನನ್ನದು ಒಮ್ಮೆ 181, ಇನ್ನೊಮ್ಮೆ 172 ಬಂತು. 300ಕ್ಕಿಂತ (ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ನ್ಯಾನೋಗ್ರಾಂ) ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ. ಜೊತೆಗೆ ಮಿದುಳಿನ ಕೆಳಗಿನ ಗ್ರಂಥಿಯಿಂದ ಬರುವ ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು, ಥೈರಾಯ್ಡ್, ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಪಿಎಸ್‌ಎ, ರಕ್ತದ ಕೆಂಪುಕಣಗಳ ಪಾಲು ಹೇಳುವ ಹೆಮಟೋಕ್ರಿಟ್ ಎಲ್ಲ ನೋಡಿದರು. "ಇನ್ನು ಮಕ್ಕಳು ಬೇಕಾ?" ಎಂದೂ ಕೇಳಿದರು. ಹೊರಗಿನಿಂದ ಈ ಹಾರ್ಮೋನ್ ಹೋದರೆ ಮಿದುಳು ವೃಷಣಗಳಿಗೆ ಕಳಿಸುವ ಸಂದೇಶ ನಿಲ್ಲಿಸುತ್ತದೆ, ವೀರ್ಯಾಣು ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇಹೋಗುತ್ತದೆ. ನಮಗೆ ಇಬ್ಬರು ಮಕ್ಕಳು, ಇಬ್ಬರೂ ಕಾಲೇಜಿನಲ್ಲಿದ್ದಾರೆ. ಹಾಗಾಗಿ ನನಗೆ ಆ ಚಿಂತೆ ಇರಲಿಲ್ಲ.

ಶುರುವಾದದ್ದು ಎನಾಂಥೇಟ್ ಎಂಬ ಬಗೆಯ ಟೆಸ್ಟೋಸ್ಟಿರಾನ್, 250 ಮಿ.ಗ್ರಾಂ., ಮೂರು ವಾರಕ್ಕೊಮ್ಮೆ. ಔಡಲ ಎಣ್ಣೆಯಲ್ಲಿ ಕರಗಿಸಿದ ಔಷಧಿ ಅದು. (ಕೆಲವು ಬ್ರಾಂಡುಗಳಲ್ಲಿ ಶೇಂಗಾ ಎಣ್ಣೆ ಇರುತ್ತದೆ, ಶೇಂಗಾ ಆಗಿಬರದವರು ಕೇಳಿಯೇ ಚುಚ್ಚಿಸಿಕೊಳ್ಳಬೇಕು.) ಮೊದಲ ಸಲ ಊರಲ್ಲೇ ಒಂದು ಕಡೆ ಚುಚ್ಚಿಸಿಕೊಂಡೆ. ಚಳಿಗಾಲದ ಬೆಳಗು, ಎಣ್ಣೆ ಗಟ್ಟಿಯಾಗಿತ್ತು, ಅವರು ಅವಸರದಲ್ಲಿ ತಳ್ಳಿಬಿಟ್ಟರು. ಕುಂಡಿಯಲ್ಲಿ ನಿಂಬೆಕಾಯಿ ಗಾತ್ರದ ಗಂಟು ಬಂದು ಐದು ದಿನ ಮಗ್ಗದ ಮುಂದೆ ಕೂರಲಾಗಲಿಲ್ಲ. ಮುಂದಿನ ಸಲ ಬೇರೆ ಕಡೆ ಹೋದೆ. ಅಲ್ಲಿನ ಹಿರಿಯ ನರ್ಸ್ ಆಂಪೂಲನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು, ನನ್ನ ಜೊತೆ ಮಳೆ ಬೆಳೆ ಮಾತಾಡುತ್ತಾ ಐದು ನಿಮಿಷ ಬೆಚ್ಚಗೆ ಮಾಡಿದರು. ದಪ್ಪ ಸೂಜಿಯಿಂದ ಎಳೆದುಕೊಂಡು, ಚುಚ್ಚುವುದಕ್ಕೆ ಬೇರೆ ಸೂಜಿ ಹಾಕಿದರು. ಆ ಕಾಲಿನ ಮೇಲೆ ಭಾರ ಬಿಡಬೇಡಿ, ಸಡಿಲ ಬಿಡ್ರಿ ಎಂದು ಹೇಳಿ ನಿಧಾನವಾಗಿ ಬಿಟ್ಟರು. ಮರುದಿನ ಒಂದಿಷ್ಟು ನೋವು, ಅಷ್ಟೇ. ಅಂದಿನಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದನ್ನೂ ಚುಕ್ಕೆಯ ಪಕ್ಕ 'ಎ', 'ಬ' ಎಂದು ಬರೆಯುತ್ತಿದ್ದೆ.

ಬೆನ್ನ ಮೇಲೆ, ಹೆಗಲ ಮೇಲೆ ಹದಿನೆಂಟರ ಹುಡುಗನಿಗೆ ಬರುವಂಥ ಗುಳ್ಳೆ ಎದ್ದವು. ಮಗ್ಗದ ಮನೆಯ ಧೂಳು ಬೆವರಿಗೆ ಅಂಟಿ ಇನ್ನಷ್ಟು ಕೆರಳುತ್ತಿದ್ದವು. ಡಾಕ್ಟರ್ ಬರೆದುಕೊಟ್ಟ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿ, ಕೆಲಸ ಬಿಟ್ಟ ಕೂಡಲೇ ಸ್ನಾನ ಮಾಡಿ ಹತೋಟಿಗೆ ತಂದೆ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಸೀರೆ ನೇಯುವವರು ಹಚ್ಚಿದ ಕೈಯಲ್ಲಿ ನೂಲು ಮುಟ್ಟಬಾರದು.

ನಿಜವಾದ ತ್ರಾಸು ಏರಿಳಿತದ್ದು. ಚುಚ್ಚಿಸಿಕೊಂಡ ಎರಡು ಮೂರು ದಿನದಲ್ಲಿ ಹಾರ್ಮೋನ್ ಶಿಖರಕ್ಕೆ ಏರುತ್ತದೆ, ಆಮೇಲೆ ದಿನದಿನಕ್ಕೂ ಇಳಿಯುತ್ತದೆ. ಮೊದಲ ವಾರ ಹುರುಪೋ ಹುರುಪು, ಆಸೆ ಮರಳಿ ಬಂದಿತ್ತು, ಹೆಂಡತಿಯ ಮುಖದಲ್ಲಿ ನಗೆಯೂ ಬಂದಿತ್ತು. ಆದರೆ ಅದೇ ದಿನಗಳಲ್ಲಿ ನೂಲು ಹರಿದರೆ ಕೆಲಸದ ಹುಡುಗನ ಮೇಲೆ ಹರಿಹಾಯುತ್ತಿದ್ದೆ. ಮೂರನೆಯ ವಾರ ಬಂತೆಂದರೆ ಮೈ ಮನಸ್ಸು ಎರಡೂ ಕುಸಿದು, ಮಧ್ಯಾಹ್ನ ರೊಟ್ಟಿ ಉಂಡವನು ಅಲ್ಲೇ ಒರಗುತ್ತಿದ್ದೆ. ಈ ಏರಿಳಿತ ಔಷಧಿಯದು, ನನ್ನ ಸ್ವಭಾವದ್ದಲ್ಲ ಎಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ತಿಳಿದದ್ದೂ ಕ್ಯಾಲೆಂಡರಿನಿಂದಲೇ. ಹೆಂಡತಿ ಜಗಳದ ದಿನಗಳಿಗೂ ಸಣ್ಣ ಗುರುತು ಹಾಕುತ್ತಿದ್ದಳಂತೆ. ಎಲ್ಲವೂ ಕೆಂಪು ಚುಕ್ಕೆಯ ನಂತರದ ನಾಲ್ಕು ದಿನಗಳಲ್ಲೇ ಇದ್ದವು.

ಆಗ ಡಾಕ್ಟರಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಮೂರನೆಯ ವಾರದ ಕುಸಿತ ತಾಳಲಾರದೆ ಹದಿಮೂರು ಹದಿನಾಲ್ಕು ದಿನಕ್ಕೇ ಹೋಗಿ ಚುಚ್ಚಿಸಿಕೊಳ್ಳತೊಡಗಿದೆ. ಚೀಟಿ ಹಳೆಯದೇ ಇತ್ತು, ಯಾರೂ ಕೇಳಲಿಲ್ಲ. ಇದು ನಾನು ಮಾಡಿದ ದೊಡ್ಡ ತಪ್ಪು. ಈ ಬರಹಕ್ಕೆ ಕೈ ಹಾಕಿದ್ದೂ ಅದನ್ನು ಹೇಳಲಿಕ್ಕೇ.

ಏಪ್ರಿಲ್ ಹೊತ್ತಿಗೆ ತಲೆಭಾರ, ಮುಖ ಸದಾ ಕೆಂಪು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದರದೇ ಕಾಟ ಅಂದುಕೊಂಡೆ. ಹೆಂಡತಿ ಚುಕ್ಕೆಗಳ ನಡುವಿನ ಮನೆಗಳನ್ನು ಬೆರಳಿಟ್ಟು ಎಣಿಸಿದಳು. "ಇಪ್ಪತ್ತೊಂದು ಇರಬೇಕಲ್ಲ, ಹದಿಮೂರ ಅದಾವ" ಎಂದಳು. ಆ ವಾರವೇ ಬೆಳಗಾವಿಗೆ ಎಳೆದುಕೊಂಡು ಹೋದಳು. ಶುರುವಿನಲ್ಲಿ 46 ಇದ್ದ ಹೆಮಟೋಕ್ರಿಟ್ 55 ಆಗಿತ್ತು. ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ 55. 54 ದಾಟಿದರೆ ಇಂಜೆಕ್ಷನ್ ನಿಲ್ಲಿಸಲೇಬೇಕು. ಈ ಹಾರ್ಮೋನ್ ಕೆಂಪುಕಣ ಹೆಚ್ಚು ಮಾಡಿಸುತ್ತದೆ, ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ ಆ ಅಂಕಿ ಇನ್ನೂ ಮೇಲೆ ತೋರಿಸುತ್ತದೆ. ರಾತ್ರಿ ಗೊರಕೆ ನಡುವೆ ಉಸಿರು ನಿಲ್ಲುವ ಕಾಯಿಲೆ ಇದ್ದರೂ ಹಾಗೇ, ಅದಕ್ಕೇ ಡಾಕ್ಟರ್ ನನ್ನ ಗೊರಕೆ ಬಗ್ಗೆ ಹೆಂಡತಿಯನ್ನೇ ಕೇಳಿದರು. 2023ರಲ್ಲಿ ಪ್ರಕಟವಾದ ಟೆಸ್ಟೋಸ್ಟಿರಾನ್ ಜೆಲ್‌ನ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ ಹೆಚ್ಚಾಗಲಿಲ್ಲ. ಆದರೆ ಎದೆಬಡಿತ ತಾಳ ತಪ್ಪುವುದು ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ತುಸು ಹೆಚ್ಚು ಕಂಡವು. ಇದನ್ನು ಅವರು ಅಂದು ವಿವರವಾಗಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ.

ಎರಡೂವರೆ ತಿಂಗಳು ಇಂಜೆಕ್ಷನ್ ಬಂದ್. ಹೊರಗಿನದು ನಿಂತಿದೆ, ಒಳಗಿನದು ಮೊದಲೇ ಮಲಗಿದೆ. ಆ ದಿನಗಳು ಬಹಳ ಕಠಿಣ. ಆಸೆ ಮಾತ್ರವಲ್ಲ, ಮಾತೂ ಬೇಡ ಅನ್ನಿಸುತ್ತಿತ್ತು. ಈ ಸಲ ಮಾತ್ರ ಮುಚ್ಚಿಡಲಿಲ್ಲ, ದಿನಾ ಸಂಜೆ ಇಬ್ಬರೂ ನಡೆಯಲು ಹೋಗುತ್ತಿದ್ದೆವು. ಏಳು ಕಿಲೋ ತೂಕ ಇಳಿಯಿತು, ಸಕ್ಕರೆಯೂ ಹಿಡಿತಕ್ಕೆ ಬಂತು.

ಹೆಮಟೋಕ್ರಿಟ್ 48ಕ್ಕೆ ಇಳಿದ ಮೇಲೆ ಡಾಕ್ಟರ್ ಹೆಚ್ಚು ದಿನ ಕೆಲಸ ಮಾಡುವ ಅಂಡೆಕನೋಯೇಟ್ ಎಂಬ ಬಗೆಗೆ ಬದಲಿಸಿದರು. 1000 ಮಿ.ಗ್ರಾಂ., ನಾಲ್ಕು ಎಂ.ಎಲ್. ಎಣ್ಣೆ. ಮೊದಲ ಎರಡು ಇಂಜೆಕ್ಷನ್ ಆರು ವಾರದ ಅಂತರದಲ್ಲಿ, ಆಮೇಲೆ ಹನ್ನೆರಡು ವಾರಕ್ಕೊಮ್ಮೆ. ಇದನ್ನು ಊರಲ್ಲಿ ಚುಚ್ಚಿಸಿಕೊಳ್ಳುವುದಿಲ್ಲ, ಆಸ್ಪತ್ರೆಯಲ್ಲೇ. ಪೂರ್ತಿ ಎರಡು ನಿಮಿಷ ಹಿಡಿದು ನಿಧಾನ ಬಿಡುತ್ತಾರೆ. ಎಣ್ಣೆಯ ಸಣ್ಣ ಹನಿ ರಕ್ತಕ್ಕೆ ಸೇರಿ ಶ್ವಾಸಕೋಶ ಮುಟ್ಟಿದರೆ ಒಮ್ಮೆಲೇ ಕೆಮ್ಮು, ಉಸಿರುಗಟ್ಟುವಿಕೆ ಆಗಬಹುದು, ಅದಕ್ಕೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ನನಗೆ ಒಮ್ಮೆ ಗಂಟಲಲ್ಲಿ ಕೆರೆತ ಬಂದು ಹತ್ತು ನಿಮಿಷ ಕೆಮ್ಮಿದೆ. ನರ್ಸ್ ಪಕ್ಕದಲ್ಲೇ ನಿಂತಿದ್ದರು, ತಾನಾಗಿ ನಿಂತಿತು. ಬಸ್ಸಿನ ಅವಸರಕ್ಕೆ ಎದ್ದು ಹೋಗಿದ್ದರೆ ಗಾಬರಿಯಾಗುತ್ತಿತ್ತು.

ಏರಿಳಿತ ಈಗ ಅಷ್ಟಿಲ್ಲ. ಕೊನೆಯ ಎರಡು ವಾರ ಸ್ವಲ್ಪ ಮಂಕು ಇರುತ್ತದೆ, ಆಗ ದೊಡ್ಡ ವ್ಯವಹಾರದ ಮಾತು ಇಟ್ಟುಕೊಳ್ಳುವುದಿಲ್ಲ. ರಕ್ತಪರೀಕ್ಷೆ ಮುಂದಿನ ಇಂಜೆಕ್ಷನ್ನಿನ ಮೊದಲು ಮಾಡಿಸುತ್ತೇನೆ. ಬೇಸಿಗೆಯಲ್ಲಿ ಮಗ್ಗದ ಪಕ್ಕ ಎರಡು ಲೀಟರಿನ ನೀರಿನ ತಂಬಿಗೆ ಇದ್ದೇ ಇರುತ್ತದೆ.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ, ಮದುವೆಯಾಗಿ ಆರು ತಿಂಗಳಾಗಿಲ್ಲ, ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ನನ್ನ ಹತ್ತಿರ ಬಂದು ಇಂಜೆಕ್ಷನ್ನಿನ ಹೆಸರು ಕೇಳಿದ. ಒಂದು ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಅವನನ್ನು ಕೂರಿಸಿ, ವೀರ್ಯಾಣುವಿನ ಮಾತು ಮೊದಲು ಹೇಳಿದೆ. ಆಮೇಲೆ ನನ್ನ 55ರ ರಿಪೋರ್ಟ್ ತೆಗೆದು ತೋರಿಸಿದೆ. ಹೆಸರು ಹೇಳಲಿಲ್ಲ, ಡಾಕ್ಟರ ವಿಳಾಸ ಬರೆದುಕೊಟ್ಟೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಲು ಹೋಗುತ್ತಾನಂತೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.