ಬೀದಿ ಹಬ್ಬ ಮಾಡಿ ಎರಡು ಸಲ ಕೈ ಸುಟ್ಟುಕೊಂಡ ಮೇಲೆ

ಪೇಟೆಬೀದಿಯ ಅಂಗಡಿಗಳಿಗೆ ವ್ಯಾಪಾರ ಆಗಲಿ ಅಂತ ಮಾಡಿದ ಮೊದಲ ಹಬ್ಬಕ್ಕೆ ಜನ ಕಿಕ್ಕಿರಿದು ಬಂದರು. ಮರುದಿನ ಬೀಗುತ್ತಾ ಬೀದಿಗೆ ಹೋದರೆ ಬಟ್ಟೆ ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆ ತೆರೆದು ತೋರಿಸಿದರು. "ನೋಡಿ ಸಾರ್, ನಿನ್ನೆ ಬೋಣಿಯೂ ಆಗಲಿಲ್ಲ."

ತಪ್ಪು ನನ್ನದೇ. ಸ್ಟಾಲ್‌ಗಳನ್ನೆಲ್ಲ ಫುಟ್‌ಪಾತಿಗೆ ಒತ್ತಿ, ರಸ್ತೆಗೆ ಮುಖ ಮಾಡಿ ಹಾಕಿಸಿದ್ದೆ. ಅವುಗಳ ಹಿಂದಿನ ಪರದೆ ಅಂಗಡಿ ಬಾಗಿಲಿಗೇ ಅಡ್ಡ. ಈ ಯಜಮಾನರ ಹೊಸಿಲ ಮುಂದೆ ಜನರೇಟರ್ ಬೇರೆ. ಹೊಗೆ ತಾಳದೆ ನಾಲ್ಕು ಗಂಟೆಗೇ ಶಟರ್ ಎಳೆದಿದ್ದರಂತೆ. ದುಡ್ಡಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ವೇದಿಕೆ, ಮೈಕ್‌ಸೆಟ್, ಲೈಟಿಗೆ ಹೋಗಿತ್ತು. ಬುದ್ಧಿ ಬರಲಿಲ್ಲ, ಎರಡನೇ ಸಲ ಇನ್ನೂ ದೊಡ್ಡ ವೇದಿಕೆ ಹಾಕಿದೆ. ಮಳೆ ಸುರಿಯಿತು. ಪ್ರಾಯೋಜಕರು ಒಪ್ಪಿದ್ದರಲ್ಲಿ ಅರ್ಧ ಕೊಟ್ಟು ಕೈತೊಳೆದುಕೊಂಡರು. ಉಳಿದ ಸಾಲ ತೀರಿಸಲು ನನಗೆ ಹತ್ತು ತಿಂಗಳು ಹಿಡಿಯಿತು.

ಮೂರನೆಯದಕ್ಕೆ ವರ್ತಕರ ಸಂಘ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಾಡಿ ಬಿಡದಿದ್ದರೆ ಗಿರಾಕಿ ಬರಲ್ಲ ಅನ್ನುವುದು ಅವರ ವಾದ. ಬ್ರೆಜಿಲ್‌ನ ಕುರಿಟಿಬಾದಲ್ಲಿ 1972ರಲ್ಲಿ ಮೇಯರ್ ಜೈಮೆ ಲೆರ್ನರ್ ಪೇಟೆಬೀದಿಗೆ ವಾಹನ ಬಿಡುವುದಿಲ್ಲ ಅಂದಾಗಲೂ ಅಲ್ಲಿನ ವರ್ತಕರು ಹೀಗೇ ಸಿಡಿದೆದ್ದಿದ್ದರು. ಅವರು ಕೋರ್ಟಿಗೆ ಹೋಗುವಷ್ಟರಲ್ಲಿ 72 ಗಂಟೆಯಲ್ಲಿ ಕೆಲಸವೇ ಮುಗಿದಿತ್ತು, ಆಮೇಲೆ ಇನ್ನಷ್ಟು ದೂರ ಹಾಗೇ ಮಾಡಿ ಎಂದು ಅವರೇ ಕೇಳಿದರು. ಈ ಕತೆ ಹೇಳಿದೆ. "ನೀವು ಮೇಯರ್ ಅಲ್ವಲ್ಲ" ಅಂದರು. ಕೊನೆಗೆ ಒಂದು ತುಂಡು ಬೀದಿ, ಸಂಜೆ ನಾಲ್ಕು ತಾಸು, ತಿಂಗಳಿಗೊಮ್ಮೆ, ಆರೇ ತಿಂಗಳು ಎಂದು ಚೌಕಾಸಿ ಮಾಡಿ ಒಪ್ಪಿಸಿದೆ.

ಈ ಸಲ ಸ್ಟಾಲ್‌ಗಳು ನಡುಬೀದಿಯಲ್ಲಿ ಬೆನ್ನಿಗೆ ಬೆನ್ನು, ಮುಖ ಅಂಗಡಿಗಳ ಕಡೆ. ಅಗ್ನಿಶಾಮಕ ಗಾಡಿಗೆ ಒಂದು ಬದಿ ಪೂರ್ತಿ ಖಾಲಿ. ಅಂಗಡಿಯಲ್ಲಿ ಸಿಗುವ ಸಾಮಾನು ಮಾರುವವರಿಗೆ ಸ್ಟಾಲ್ ಇಲ್ಲ. ವೇದಿಕೆಯೂ ಇಲ್ಲ: ಹಾಡುವವರು ನಾಲ್ಕು ಕಡೆ, ಇಪ್ಪತ್ತು ನಿಮಿಷ ಹಾಡಿ ಅರ್ಧ ತಾಸು ಬಿಡುವು. ವ್ಯಾಪಾರ ಆಗುವುದು ಆ ಬಿಡುವಿನಲ್ಲೇ. ಶೌಚಾಲಯ ಬೇಕಂತಲೇ ಜನ ಸುಳಿಯದ ತುದಿಯಲ್ಲಿ ಇಟ್ಟೆ. ಬೈದರು, ಆದರೆ ಅಷ್ಟುದ್ದ ಅಂಗಡಿ ನೋಡಿಕೊಂಡೇ ಹೋದರು.

ಬಂದವರಿಗೆ ಅಂಗಡಿಗಳ ಕೂಪನ್ ಹಂಚಿದೆ, ಆದರೆ ಅದು ಹಬ್ಬದ ದಿನ ನಡೆಯುವುದಿಲ್ಲ. ಮರುದಿನದಿಂದ ಎರಡು ವಾರ ಮಾತ್ರ. ಸಾವಿರ ಹಂಚಿದರೆ ಮೊದಲ ತಿಂಗಳು ನಲವತ್ತೋ ಐವತ್ತೋ ವಾಪಸ್ ಬಂದವು, ಆರನೇ ತಿಂಗಳಿಗೆ ಇನ್ನೂರರ ಹತ್ತಿರ. ಮುಚ್ಚಿದ್ದ ಹನ್ನೊಂದು ಮಳಿಗೆಗಳಲ್ಲಿ ಏಳನ್ನು ಬಾಡಿಗೆಯ ಬದಲು ಮಾರಾಟದಲ್ಲಿ ಪಾಲು ಎಂಬ ಲೆಕ್ಕದಲ್ಲಿ ಹೊಸಬರಿಗೆ ಕೊಡಿಸಿದೆ. ನಾಲ್ವರು ಅಲ್ಲೇ ಕಾಯಂ ಆದರು. ಮಾಲೀಕರನ್ನು ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು: ಮಕ್ಕಳಿಗೆ ಸೀಮೆಸುಣ್ಣ ಕೊಟ್ಟು ರಸ್ತೆ ಮೇಲೆ ಚಿತ್ರ ಬರೆಯಿಸಿದೆ. ಆಟಿಕೆ ಅಂಗಡಿಗೆ ಲಾಭ ಅಂದುಕೊಂಡಿದ್ದೆ. ಆದದ್ದು ಎದುರಿನ ಚಪ್ಪಲಿ ಅಂಗಡಿಗೆ! ಮಕ್ಕಳು ಏಳುವವರೆಗೂ ಅಪ್ಪ ಅಮ್ಮಂದಿರು ಒಳಗೆ ಕೂತು ಒಂದೊಂದೇ ಜೋಡಿ ಹಾಕಿ ನೋಡಿದರು.

ಆರು ತಿಂಗಳ ಕರಾರು ಮುಗಿದು ವರ್ಷವಾಯಿತು. ಈಗ ಪ್ರತಿ ತಿಂಗಳೂ ಬಟ್ಟೆ ಅಂಗಡಿ ಯಜಮಾನರ ಫೋನು: "ಹಾಡೋರನ್ನ ಹೋದ ಸಲವೂ ಚಪ್ಪಲಿ ಅಂಗಡಿ ಮುಂದೇ ಕೂರಿಸಿದ್ರಿ, ನಾವೇನು ವಂತಿಗೆ ಕಮ್ಮಿ ಕೊಟ್ವಾ?"