ಟೇಪ್ ಬಿಟ್ಟು ಕಾಗದ ಹಿಡಿದಿದ್ದು

ಎಂಜಿನಿಯರ್ ಆಗಿ ಹದಿನೈದು ವರ್ಷ ನಾನು ಮಾಡಿದ್ದು ಒಂದೇ ಥರದ ಕೆಲಸ. ಡ್ರಾಯಿಂಗ್ ನಮ್ಮದು, ಎಸ್ಟಿಮೇಟ್ ನಮ್ಮದು. ಗುತ್ತಿಗೆದಾರ ಕಟ್ಟುತ್ತಾನೆ, ನಾವು ಟೇಪ್ ಹಿಡಿದು ಅಳೆದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆದು ಬಿಲ್ ಮಾಡುತ್ತೇವೆ. ತೊಟ್ಟಿ ಸೋರಿದರೆ ಕಟ್ಟಿದವನು ಡಿಸೈನ್ ಸರಿಯಿಲ್ಲ ಅನ್ನುತ್ತಾನೆ, ಡಿಸೈನ್ ಮಾಡಿದವರು ಕಾಂಕ್ರೀಟ್ ಸರಿಯಿಲ್ಲ ಅನ್ನುತ್ತಾರೆ. ಮಧ್ಯೆ ಅಳೆದು ಬಿಲ್ ಮಾಡಿದ ನಾವು.

ನಮ್ಮ ಊರಿನ ಒಳಚರಂಡಿ ನೀರು ಶುದ್ಧೀಕರಣ ಘಟಕಕ್ಕೆ ಟರ್ನ್‌ಕೀ ಟೆಂಡರ್ ಅಂತ ತೀರ್ಮಾನವಾಯಿತು. ವಿನ್ಯಾಸ, ಕಟ್ಟಡ, ಮುಂದೆ 5 ವರ್ಷ ನಡೆಸುವುದು, ಎಲ್ಲ ಒಬ್ಬರದೇ. ಇಂಥ ಘಟಕಕ್ಕೆ ಇದು ಸರಿಯೇ. ಒಂದೊಂದು ಕಂಪನಿಯ ಯಂತ್ರ ಒಂದೊಂದು ಥರ. ತೊಟ್ಟಿಯ ಅಳತೆ ನಾವೇ ಬರೆದುಬಿಟ್ಟರೆ ಅದರಲ್ಲಿ ಅವರ ಯಂತ್ರ ಕೂರುವುದಿಲ್ಲ.

ಹಾಗಾಗಿ ನನ್ನ ಪಾಲಿಗೆ ಬಂದಿದ್ದು 'ನಮಗೇನು ಬೇಕು' ಅನ್ನುವ ಕಾಗದ. ನೀರಿನ ಪ್ರಮಾಣದ ಲೆಕ್ಕ ಸುಲಭ: ಒಬ್ಬರಿಗೆ ದಿನಕ್ಕೆ 135 ಲೀಟರ್, ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ. ಲಕ್ಷ ಜನಕ್ಕೆ 10.8 ಎಂಎಲ್‌ಡಿ, ಅಂದರೆ ದಿನಕ್ಕೆ 1 ಕೋಟಿ 8 ಲಕ್ಷ ಲೀಟರ್. ಹೊರಬರುವ ನೀರಿನ ಬಿಓಡಿ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ) ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತಲೂ ಬರೆದೆವು.

ಎಡವಿದ್ದು ಒಳಬರುವ ನೀರಿನಲ್ಲಿ. ಟೆಂಡರ್ ಅವಸರದಲ್ಲಿ ಆಗಸ್ಟ್‌ನಲ್ಲಿ ಸ್ಯಾಂಪಲ್ ತೆಗೆದು, ಅದೇ ಅಂಕಿ ಕೊಟ್ಟೆ. ಮಳೆನೀರು ಸೇರಿ ಕೊಳಚೆ ತೆಳುವಾಗಿತ್ತು. ಘಟಕ ಶುರುವಾದ ಮೊದಲ ಬೇಸಿಗೆಯಲ್ಲೇ ಕೊಳಚೆ ಗಟ್ಟಿಯಾಗಿ ಬಂತು. ಕೊಳೆ ಹೆಚ್ಚಾದಷ್ಟೂ ಗಾಳಿ ಹೆಚ್ಚು ಬೇಕು, ಗಾಳಿ ಊದುವ ಬ್ಲೋವರ್‌ಗಳು ಸಾಲಲಿಲ್ಲ. "ನೀವು ಕೊಟ್ಟ ಅಂಕಿಗೇ ಡಿಸೈನ್ ಮಾಡಿದ್ದೇವೆ ಸರ್" ಅಂದರು ಕಂಪನಿಯವರು. ಏನು ಹೇಳಲಿ? ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಹೆಚ್ಚುವರಿ ಬ್ಲೋವರ್ ದುಡ್ಡು ನಮ್ಮ ತಲೆಗೇ ಬಂತು.

ಒಂದು ಕಡೆ ಮಾತ್ರ ಬಚಾವಾದೆವು, ಟೆಂಡರ್ ಆರಿಸುವಾಗ. ಕಟ್ಟುವ ದರ ಒಂದನ್ನೇ ನೋಡದೆ, 5 ವರ್ಷದ ನಿರ್ವಹಣೆ ಖರ್ಚು, ಕರೆಂಟ್ ಖರ್ಚು ಕೂಡಿಸಿ ಯಾರದ್ದು ಕಡಿಮೆ ಅಂತ ನೋಡಿದ್ದೆವು. ಇಲ್ಲದಿದ್ದರೆ ಅಗ್ಗದ ಯಂತ್ರ ಕೂರಿಸಿ ಹೋಗುತ್ತಾರೆ, ಕರೆಂಟ್ ಬಿಲ್ ನಾವು ಕಟ್ಟುತ್ತಾ ಕೂರಬೇಕು.

ಗುತ್ತಿಗೆದಾರರ ಬಿಲ್ ಪಾಸ್ ಮಾಡಿಸುವುದೇ ಒಂದು ಕತೆ. ಇಲ್ಲಿ ಘನ ಮೀಟರ್ ಲೆಕ್ಕವಿಲ್ಲ. ತಳಪಾಯ ಮುಗಿದರೆ ಇಷ್ಟು, ತೊಟ್ಟಿಗೆ ನೀರು ತುಂಬಿಸಿ ಸೋರಿಕೆ ಪರೀಕ್ಷೆ ಪಾಸಾದರೆ ಇಷ್ಟು, ಹೀಗೆ ಹಂತ ಹಂತವಾಗಿ ದುಡ್ಡು. ಲೆಕ್ಕ ಶಾಖೆಯವರು "ಎಂ.ಬಿ. ಎಲ್ಲಿ?" ಅಂತ ಫೈಲನ್ನು ಎರಡು ಸಲ ವಾಪಸ್ ಕಳಿಸಿದರು. ಕೊನೆಗೆ ಎಂ.ಬಿ.ಯಲ್ಲೇ 'ಹಂತ ಪೂರ್ಣ' ಅಂತ ಒಂದು ಸಾಲು ಬರೆದುಕೊಟ್ಟೆ. ಎಲ್ಲರಿಗೂ ಸಮಾಧಾನ!

ಈಗ ಊರಾಚೆಯ ಹೊಸ ಬಡಾವಣೆಗಳಿಗೆ ಎರಡನೇ ಘಟಕ ಬರುತ್ತಿದೆ. ಮೇ ತಿಂಗಳ ಸ್ಯಾಂಪಲ್ ಕೈಗೆ ಬರುವ ತನಕ ಟೆಂಡರ್ ಬೇಡ ಅಂದಿದ್ದೇನೆ. ಮಾರ್ಚ್ ಒಳಗೆ ಕರೆಯದಿದ್ದರೆ ಗ್ರಾಂಟ್ ಲ್ಯಾಪ್ಸ್ ಆಗುತ್ತದೆ ಅಂತ ಸಾಹೇಬರ ಗಡಿಬಿಡಿ.