ಸ್ವಂತವಾಗಿ ಕಟ್ಟಿದ ಪ್ಯಾಕೇಜಿಗೆ ಆವೃತ್ತಿ ಸಂಖ್ಯೆ ಕೊಡುವಾಗ

ಬೆಳಗಾವಿಯ ಕಾಲೇಜು ಪ್ರಯೋಗಾಲಯಗಳಲ್ಲಿ ಡೆಬಿಯನ್ (ಒಂದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಯಂತ್ರಗಳನ್ನು ನೋಡಿಕೊಳ್ಳುವ ಗೆಳೆಯರೇ, ಪ್ಯಾಕೇಜನ್ನು, ಅಂದರೆ ಅನುಸ್ಥಾಪಿಸಲು ಸಿದ್ಧಗೊಳಿಸಿದ ತಂತ್ರಾಂಶದ ಕಟ್ಟನ್ನು, ತಿದ್ದಿ ಮತ್ತೆ ಕಟ್ಟುವಾಗ ಹಳೆಯ ಆವೃತ್ತಿ ಸಂಖ್ಯೆಯನ್ನೇ ಉಳಿಸಬೇಡಿ. ಸಂಖ್ಯೆ ಹೆಚ್ಚದಿದ್ದರೆ, ಪ್ಯಾಕೇಜುಗಳನ್ನು ತಂದು ನವೀಕರಿಸುವ ಸಾಧನವಾದ ಎಪಿಟಿ ಅದನ್ನು ಹೊಸದೆಂದು ಪರಿಗಣಿಸುವುದೇ ಇಲ್ಲ.

ಉದಾಹರಣೆಗೆ, 2.4-1 ಎಂಬ ಆವೃತ್ತಿ ಸಂಖ್ಯೆಯಲ್ಲಿ 2.4 ಮೂಲ ತಂತ್ರಾಂಶದ್ದು, ಅಡ್ಡಗೆರೆಯ ನಂತರದ 1 ಡೆಬಿಯನ್‌ನದು. ನಿಮ್ಮ ಗುರುತನ್ನು ಅದರ ಕೊನೆಗೆ ಸೇರಿಸಿ. ಆದರೆ ಅದು ಯಾವ ಅಕ್ಷರದಿಂದ ಶುರುವಾಗುತ್ತದೆ ಎಂಬುದು ಬಹಳ ಮುಖ್ಯ. ಡೆಬಿಯನ್ 12ರ ಭದ್ರತಾ ತಿದ್ದುಪಡಿ ಸಾಮಾನ್ಯವಾಗಿ 2.4-1+ಡೆಬ್12ಯು1 ಎಂಬ ರೂಪದಲ್ಲಿ ಬರುತ್ತದೆ. ನೀವು +ಲೋಕಲ್1 ಎಂದು ಇಟ್ಟಿದ್ದರೆ, ಇಂಗ್ಲಿಷ್ ವರ್ಣಮಾಲೆಯಲ್ಲಿ ‘ಎಲ್’ ಅಕ್ಷರ ‘ಡಿ’ಯ ನಂತರ ಬರುವುದರಿಂದ ನಿಮ್ಮದೇ ದೊಡ್ಡದಾಗಿ, ಭದ್ರತಾ ತಿದ್ದುಪಡಿ ಯಂತ್ರಕ್ಕೆ ಇಳಿಯುವುದೇ ಇಲ್ಲ! ಇದು ನಿಜಕ್ಕೂ ಅಪಾಯ. ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ +ಬೆಳಗಾವಿ1 ಎಂದಿಟ್ಟರೆ ‘ಬಿ’ ಮೊದಲು ಬರುವುದರಿಂದ ತಿದ್ದುಪಡಿಗೆ ದಾರಿ ತೆರೆದಿರುತ್ತದೆ. ಅದು ಬಂದ ಮೇಲೆ ನಿಮ್ಮ ಬದಲಾವಣೆಯನ್ನು ಹೊಸದರ ಮೇಲೆ ಮತ್ತೆ ಹಾಕಿ ಕಟ್ಟಬೇಕು.

ಪರೀಕ್ಷಾ ಆವೃತ್ತಿಗೆ ~ ಚಿಹ್ನೆ ಬಳಸಿ. 3.0~ಆರ್‌ಸಿ1 ಎಂಬುದು 3.0ಗಿಂತ ಚಿಕ್ಕದು, ಆದ್ದರಿಂದ ಅಂತಿಮ ಆವೃತ್ತಿ ತಾನಾಗಿಯೇ ಅದರ ಜಾಗಕ್ಕೆ ಬರುತ್ತದೆ. ಅಂಕಿಗಳ ಹೋಲಿಕೆ ಪೂರ್ಣ ಸಂಖ್ಯೆಯಾಗಿಯೇ ನಡೆಯುತ್ತದೆ: 1.10 ದೊಡ್ಡದು, 1.9 ಚಿಕ್ಕದು.

ಆವೃತ್ತಿ ಸಂಖ್ಯೆಯ ಆರಂಭದಲ್ಲಿ ‘1:’ ಎಂದು ಬರೆಯುವ, ಹೋಲಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಬರುವ ಎಪಾಕ್ ಅನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಒಮ್ಮೆ ಸೇರಿಸಿದರೆ, ಎಪಾಕ್ ಇಲ್ಲದ ಅಧಿಕೃತ ಆವೃತ್ತಿಗಳೆಲ್ಲವೂ ನಿಮ್ಮದಕ್ಕಿಂತ ಚಿಕ್ಕವಾಗಿಬಿಡುತ್ತವೆ.

ಅನುಮಾನವಿದ್ದರೆ, ಪ್ಯಾಕೇಜುಗಳನ್ನು ಅನುಸ್ಥಾಪಿಸುವ ಡೆಬಿಯನ್‌ನ ಮೂಲ ಸಾಧನ ಡಿಪಿಕೆಜಿಯಲ್ಲಿರುವ ಆವೃತ್ತಿ ಹೋಲಿಕೆಯ ಆಯ್ಕೆಯಲ್ಲಿ ಎರಡೂ ಸಂಖ್ಯೆಗಳನ್ನು ಕೊಟ್ಟು ನೋಡಿ, ನಂತರವೇ ಯಂತ್ರಗಳಿಗೆ ಕಳುಹಿಸಿ.